"ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋದ್ರಿಂದ ಶುರುವಾಗೋ ರಿಸ್ಕು: ಸಂಸ್ಥೆಯೊಳಗಿನ ಜನರ ನಡವಳಿಕೆ ಅರ್ಥ ಮಾಡ್ಕೊಂಡು ಸರಿ ಮಾಡೋಕೆ ಒಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷದ ಹಿಂದೆ ಒಂದು ಕಂಪನಿಯ ಇಂಟರ್ನಲ್ ಆಡಿಟ್ ಮಾಡ್ತಿದ್ದೆ. ಪೇಮೆಂಟ್ ಲಾಗ್ ನೋಡ್ತಾ ಇರ್ಬೇಕಾದ್ರೆ ಒಂದು ಸಂಜೆ 9 ನಿಮಿಷದಲ್ಲಿ 14 ಅಪ್ರೂವಲ್, ಎಲ್ಲಾ ಫೈನಾನ್ಸ್ ಮ್ಯಾನೇಜರ್ ಐಡಿಯಿಂದ. ಇದ್ರಲ್ಲೇನಿದೆ ಅಂತ ಬಿಟ್ಟು ಮುಂದೆ ಹೋಗ್ತಿದ್ದೆನೇನೋ, ಆದ್ರೆ ಅದೇ ದಿನದ ಟ್ರಾವೆಲ್ ಬಿಲ್ಲೂ ನನ್ನ ಮುಂದೇನೇ ಇತ್ತು, ಆ ಹೊತ್ತಲ್ಲಿ ಆ ಮನುಷ್ಯ ವಿಮಾನದಲ್ಲಿದ್ರು. ಕೇಳಿದ್ರೆ ಯಾರೂ ಏನೂ ಮುಚ್ಚಿಡ್ಲಿಲ್ಲ. ಅಕೌಂಟ್ಸ್‌ನಲ್ಲಿದ್ದ ಹುಡುಗಿ ಆರಾಮಾಗಿ ಕೀಬೋರ್ಡ್ ಎತ್ತಿ ತೋರಿಸಿದ್ಲು, ಕೆಳಗೊಂದು ಹಳದಿ ಚೀಟಿ, ಅದ್ರಲ್ಲಿ ಪಾಸ್‌ವರ್ಡು. "ಸರ್‌ಗೆ ಟೈಮ್ ಇರಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ ಅಂದಿದ್ರು, ಮೂರು ವರ್ಷದಿಂದ ನಾನೇ ಕ್ಲಿಕ್ ಮಾಡ್ತಿದೀನಿ."

ಒಂದು ಪೈಸೆನೂ ಆಚೀಚೆ ಆಗಿರ್ಲಿಲ್ಲ, ಇಬ್ರೂ ಒಳ್ಳೆಯವರೇ. ನಾನು ದೊಡ್ಡ ಬುದ್ಧಿವಂತನ ಥರ ಅಪ್ರೂವಲ್‌ಗೆ ಓಟಿಪಿ ಕಡ್ಡಾಯ ಮಾಡಿಸಿ, ರಿಪೋರ್ಟ್ ಬರೆದು, ಕೈ ತೊಳ್ಕೊಂಡು ಬಂದೆ (ಅದರ ಕಥೆ ಆಮೇಲೆ ಹೇಳ್ತೀನಿ). ಆದ್ರೆ ಅವತ್ತಿಂದ ಒಂದು ವಿಷ್ಯ ತಲೇಲಿ ಕೂತಿದೆ. ನಾವು ಫ್ರಾಡ್ ಅಂದ್ರೆ ಕಳ್ಳನನ್ನ ಹುಡುಕೋಕೆ ಹೊರಡ್ತೀವಿ, ಆದ್ರೆ ಕಳ್ಳ ಬರೋಕೆ ಎಷ್ಟೋ ವರ್ಷ ಮುಂಚೆ ಒಳ್ಳೆಯವರೇ ತಮ್ಮ ಅನುಕೂಲಕ್ಕೆ ಬಾಗಿಲು ತೆಗೆದಿಟ್ಟಿರ್ತಾರೆ. ಹಂಗಾಗಿ ಈ ಗೈಡ್‌ನಲ್ಲಿ ನಾವು ಹುಡುಕೋದು ಆ ಬಾಗಿಲನ್ನ. ನೀವು ಟೀಮ್ ಲೀಡ್ ಆಗಿರಿ, ಎಚ್ಆರ್ ಆಗಿರಿ, ಸಣ್ಣ ಸಂಸ್ಥೆ ನಡೆಸೋರಾಗಿರಿ, ಇದನ್ನ ಮಾಡ್ಬಹುದು, ಕನ್ಸಲ್ಟೆಂಟ್ ಬೇಕಾಗಿಲ್ಲ.

ಹೆಜ್ಜೆ 1: ಒಂದೇ ಒಂದು ಕೆಲಸ ಹಿಡ್ಕೊಳ್ಳಿ, ಪಕ್ಕದಲ್ಲಿ ಕೂತು ನೋಡಿ

ಮೊದಲನೇ ದಿನಾನೇ ಇಡೀ ಸಂಸ್ಥೆಗೆ ರಿಸ್ಕ್ ರಿಜಿಸ್ಟರ್ (ಎಲ್ಲಾ ಅಪಾಯಗಳ ಪಟ್ಟಿ) ಮಾಡೋಕೆ ಹೋಗ್ಬೇಡಿ, 200 ಸಾಲಿನ ಎಕ್ಸೆಲ್ ಶೀಟ್ ಆಗತ್ತೆ, ಮಾಡಿದವರೇ ಮತ್ತೆ ತೆರೆಯಲ್ಲ. ದುಡ್ಡು ಹೊರಗೆ ಹೋಗೋ ಜಾಗ, ಗ್ರಾಹಕರ ಡೇಟಾ ಮುಟ್ಟೋ ಜಾಗ, ಜೀವಕ್ಕೆ ಸಂಬಂಧಪಟ್ಟ ಸೇಫ್ಟಿ ಚೆಕ್, ಈ ಮೂರರಲ್ಲಿ ಒಂದನ್ನ ಆರಿಸ್ಕೊಳ್ಳಿ ಸಾಕು. ಪಾಲಿಸಿ ಡಾಕ್ಯುಮೆಂಟ್ ಓದ್ಕೊಂಡು ಹೋಗಿ, ಆಮೇಲೆ ಆ ಕೆಲಸ ನಿಜವಾಗ್ಲೂ ಮಾಡೋರ ಪಕ್ಕ ಒಂದರ್ಧ ದಿನ ಕೂತ್ಕೊಳ್ಳಿ.

ಇಲ್ಲಿ ಪ್ರಶ್ನೆ ಕೇಳೋ ರೀತಿ ಮುಖ್ಯ. "ಇದನ್ನ ಹೇಗೆ ಮಾಡ್ತೀರಾ" ಅಂತ ಕೇಳಿದ್ರೆ ಪಾಲಿಸಿಯಲ್ಲಿರೋದನ್ನೇ ಒಪ್ಪಿಸ್ತಾರೆ, ಪಾಪ ಅವ್ರಿಗೂ ಭಯ ಇರತ್ತೆ. ಅದರ ಬದ್ಲು "ತಿಂಗಳ ಕೊನೇ ದಿನ, ಇಬ್ರು ರಜೆ, ಸಿಸ್ಟಮ್ ಸ್ಲೋ, ಆಗ ಹೇಗೆ ಮ್ಯಾನೇಜ್ ಮಾಡ್ತೀರಾ?" ಅಂತ ಕೇಳಿ ನೋಡಿ. ಮ್ಯಾನೇಜ್ ಅನ್ನೋ ಪದ ಕೇಳಿದ ತಕ್ಷಣ ಮುಖ ಅರಳತ್ತೆ, ತಮ್ಮ ಜಾಣತನ ಹೇಳ್ಕೊಳ್ಳೋಕೆ ಎಲ್ರಿಗೂ ಇಷ್ಟ, ಶಾರ್ಟ್‌ಕಟ್‌ಗಳೆಲ್ಲಾ ಒಂದೊಂದಾಗಿ ಆಚೆ ಬರತ್ತೆ. ಇನ್ನೊಂದು, ಹೊಸದಾಗಿ ಸೇರಿದವರನ್ನ ತಪ್ಪದೇ ಕೇಳಿ, ಮೊದಲ ವಾರದಲ್ಲಿ ಏನು ವಿಚಿತ್ರ ಅನ್ನಿಸ್ತು ಅಂತ. ಮೂರ್ನಾಲ್ಕು ತಿಂಗಳಾದ್ಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ, ಅಷ್ಟೊತ್ತಿಗೆ ಅವ್ರ ಮೂಗೂ ಆ ವಾಸನೆಗೆ ಒಗ್ಗಿರತ್ತೆ.

ರಿಜಿಸ್ಟರ್, ಚೆಕ್‌ಲಿಸ್ಟ್ ಇದ್ರೆ ಕೈಯಲ್ಲಿ ಹಿಡ್ಕೊಂಡು ನೋಡಿ. ಇಡೀ ತಿಂಗಳ ಟಿಕ್ ಒಂದೇ ಪೆನ್ನು, ಒಂದೇ ಓರೆ, ಒಂದೇ ಒತ್ತಡದಲ್ಲಿದ್ರೆ ಅದು 30 ದಿನ ಹಾಕಿದ್ದಲ್ಲ, ಒಂದೇ ಮಧ್ಯಾಹ್ನ ಹಾಕಿದ್ದು. ನಾನು ಒಂದ್ಕಡೆ ಮಷೀನ್ ಟೆಂಪರೇಚರ್ ಬುಕ್ ನೋಡ್ದೆ, ಮಾರನೇ ದಿನ ಬೆಳಗ್ಗೆಯ ರೀಡಿಂಗ್ ಇವತ್ತೇ ಬರೆದಿತ್ತು. ಕೇಳಿದ್ರೆ "ಯಾವಾಗ್ಲೂ ಅಷ್ಟೇ ಬರತ್ತೆ ಸರ್" ಅಂದ್ರು.

ಆ "ಯಾವಾಗ್ಲೂ ಅಷ್ಟೇ ಬರತ್ತೆ" ಅನ್ನೋ ಮಾತಿದೆಯಲ್ಲ, ಅದು ಎಷ್ಟು ದುಬಾರಿ ಅಂತ ಗೊತ್ತಾಗಬೇಕಂದ್ರೆ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ನೆನಪಿಸ್ಕೊಳ್ಳಿ. 1986ರ ಜನವರಿ 28, ಹಾರಿದ 73 ಸೆಕೆಂಡಿಗೆ ನೌಕೆ ಒಡೆದು 7 ಜನ ಹೋದ್ರು. ಕೈ ಕೊಟ್ಟಿದ್ದು ರಾಕೆಟ್ ಜಾಯಿಂಟಿನ ರಬ್ಬರ್ ರಿಂಗ್. ಅದು ಸವೆಯೋದು ಅವತ್ತು ಹೊಸ ಸಮಸ್ಯೆ ಆಗಿರ್ಲಿಲ್ಲ, ಹಿಂದಿನ ಹಾರಾಟಗಳಲ್ಲೂ ಸವೆದಿತ್ತು, ಪ್ರತಿ ಸಲ ನೌಕೆ ಸೇಫಾಗಿ ವಾಪಸ್ ಬಂದಿತ್ತು, ಹಂಗಾಗಿ ಸವೆಯೋದೇ ನಾರ್ಮಲ್ ಅಂತ ಲೆಕ್ಕ ಆಗೋಯ್ತು. ಸಮಾಜಶಾಸ್ತ್ರಜ್ಞೆ ಡಯೇನ್ ವಾಘನ್ ಇದಕ್ಕೆ ಇಟ್ಟ ಹೆಸರೇ "ನಾರ್ಮಲೈಸೇಶನ್ ಆಫ್ ಡೀವಿಯನ್ಸ್", ಅಂದ್ರೆ ದಾರಿ ತಪ್ಪೋದೇ ದಾರಿ ಆಗೋದು. ನೀವು ನೋಡಿದ್ದನ್ನ ಎರಡು ಕಾಲಮ್‌ನಲ್ಲಿ ಬರೀರಿ, ಎಡಗಡೆ ರೂಲ್ ಏನನ್ನತ್ತೆ, ಬಲಗಡೆ ನಿಜವಾಗ್ಲೂ ಏನಾಗತ್ತೆ. ಹೆಸರು ಬರೀಬೇಡಿ, ಕೆಲಸ ಮಾತ್ರ ಬರೀರಿ. ಹೆಸರು ಬರೆದ್ರಿ ಅಂತ ಗೊತ್ತಾದ್ರೆ ಮುಂದಿನ ಸಲ ಯಾರೂ ಕೀಬೋರ್ಡ್ ಎತ್ತಲ್ಲ.

ಹೆಜ್ಜೆ 2: ಶಾರ್ಟ್‌ಕಟ್ ಯಾಕೆ ಹುಟ್ತು ಅಂತ ಕೇಳಿ, ಜನ ಹೇಳೋ ಸಮರ್ಥನೆಗೆ ಕಿವಿ ಕೊಡಿ

ಡೊನಾಲ್ಡ್ ಕ್ರೆಸ್ಸಿ ಅನ್ನೋ ಅಪರಾಧಶಾಸ್ತ್ರಜ್ಞ, ನಂಬಿಕೆಯ ಜಾಗದಲ್ಲಿದ್ದು ದುಡ್ಡು ಹೊಡೆದು ಜೈಲಿಗೆ ಹೋದವರ ಜೊತೆ ಮಾತಾಡಿ 1953ರಲ್ಲಿ ಬರೆದದ್ದೇ ಆಮೇಲೆ ಫ್ರಾಡ್ ಟ್ರಯಾಂಗಲ್ ಅಂತ ಫೇಮಸ್ ಆಯ್ತು. ಒತ್ತಡ, ಅವಕಾಶ, ತನಗೆ ತಾನೇ ಹೇಳ್ಕೊಳ್ಳೋ ಸಮರ್ಥನೆ, ಈ ಮೂರೂ ಒಂದ್ಕಡೆ ಸೇರಿದಾಗ ನಿನ್ನೆವರೆಗೂ ನೆಟ್ಟಗಿದ್ದವನೂ ಜಾರ್ತಾನೆ ಅಂತ. ಕಂಪನಿಗಳು ಅವಕಾಶ ಒಂದನ್ನೇ ಮುಚ್ಚೋಕೆ ಓಡಾಡ್ತವೆ, ಲಾಕು, ಕ್ಯಾಮೆರಾ, ಪಾಸ್‌ವರ್ಡು ಅಂತ. ನನ್ನ ಓಟಿಪಿ ಕೂಡ ಅದೇ ಜಾತಿ.

ಸಮರ್ಥನೆ ಮಾತ್ರ ಬಾಯಿಂದ ಆಚೆ ಬರತ್ತೆ, ಅದಕ್ಕೆ ಹಿಡಿಯೋದು ಸುಲಭ. "ಇದೊಂದ್ಸಲ ಅಷ್ಟೇ", "ಎಲ್ರೂ ಮಾಡ್ತಾರೆ", "ಕಂಪನಿಗೋಸ್ಕರ ತಾನೇ, ನನ್ನ ಜೇಬಿಗಲ್ವಲ್ಲ", "ಮುಂದಿನ ತಿಂಗಳು ಸರಿ ಮಾಡ್ಬಿಡ್ತೀವಿ". ಕೊನೇದು ಬಲು ಡೇಂಜರ್. ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಬರೆದ ತಪ್ಪೊಪ್ಪಿಗೆ ಪತ್ರದಲ್ಲಿ ಹೇಳಿದ್ದೂ ಅದನ್ನೇ, ಶುರುವಲ್ಲಿ ನಿಜವಾದ ಲಾಭಕ್ಕೂ ಲೆಕ್ಕದಲ್ಲಿ ತೋರಿಸಿದ್ದಕ್ಕೂ ಚೂರೇ ಚೂರು ವ್ಯತ್ಯಾಸ ಇತ್ತು, ವರ್ಷ ಕಳೀತಾ ಬೆಳೀತಾ ಹೋಯ್ತು, ಹುಲಿ ಮೇಲೆ ಕೂತ ಹಾಗಾಯ್ತು, ಅದರ ಬಾಯಿಗೆ ಬೀಳದೆ ಇಳಿಯೋದು ಹೇಗಂತ ಗೊತ್ತಾಗ್ಲಿಲ್ಲ ಅಂತ. ಆ ಹೊತ್ತಿಗೆ ಲೆಕ್ಕದಲ್ಲಿ 5,000 ಕೋಟಿಗೂ ಮೀರಿದ ಇಲ್ಲದ ನಗದು ಇತ್ತು.

ಒತ್ತಡ ಹುಡುಕೋಕೆ ಒಂದೇ ಪ್ರಶ್ನೆ ಸಾಕು: "ಈ ಕೆಲಸವನ್ನ ಪೂರ್ತಿ ರೂಲ್ ಪ್ರಕಾರ ಮಾಡಿದ್ರೆ ದಿನಕ್ಕೆ ಎಷ್ಟು ಮುಗಿಯತ್ತೆ?" ಉತ್ತರ 20, ಟಾರ್ಗೆಟ್ 35 ಅಂದ್ರೆ ಉಳಿದ 15 ಎಲ್ಲಿಂದ ಬರ್ತಿದೆ ಅಂತ ಬೇರೆ ಹೇಳ್ಬೇಕಾಗಿಲ್ಲ.

ಹೆಜ್ಜೆ 3: ನಿಮ್ಮ ಟಾರ್ಗೆಟ್ ಅನ್ನ ನೀವೇ ಮೋಸ ಮಾಡಿ ಮುಟ್ಟೋಕೆ ಟ್ರೈ ಮಾಡಿ

ಇದು ನನ್ನ ಫೇವರಿಟ್, ಮತ್ತೆ ಮ್ಯಾನೇಜ್‌ಮೆಂಟ್‌ಗೆ ಒಂಚೂರೂ ಇಷ್ಟ ಆಗದ ಹೆಜ್ಜೆ. ಟೀಮಿಗೆ ಹಾಕಿರೋ ಪ್ರತಿ ನಂಬರ್ ತಗೊಂಡು, ಅರ್ಧ ಗಂಟೆ ಕೂತು, ಕೆಲಸ ಮಾಡದೇ ಇದನ್ನ ಹೇಗೆ ಮುಟ್ಬಹುದು ಅಂತ ಯೋಚಿಸಿ. ಕಾಲ್ ಸೆಂಟರ್‌ನಲ್ಲಿ ಕಾಲ್ ಬೇಗ ಮುಗಿಸ್ಬೇಕು ಅಂದ್ರೆ ಕಷ್ಟದ ಕಾಲ್ ಕಟ್ ಮಾಡಿದ್ರಾಯ್ತು. ಅಪಘಾತ ಸೊನ್ನೆ ಆಗ್ಬೇಕು ಅಂದ್ರೆ ರಿಪೋರ್ಟ್ ಮಾಡದಿದ್ರಾಯ್ತು, ಫ್ಯಾಕ್ಟರಿ ಗೇಟಲ್ಲಿ "ಅಪಘಾತವಿಲ್ಲದ ದಿನಗಳು" ಅಂತ ಬೋರ್ಡ್ ಹಾಕಿ ಅದಕ್ಕೆ ಬೋನಸ್ ಕಟ್ಟಿದ್ರಂತೂ ಬೆರಳಿಗೆ ಪೆಟ್ಟಾದವನು ಕೈ ಜೇಬಲ್ಲಿಟ್ಕೊಂಡು ಮನೆಗೆ ಹೋಗ್ತಾನೆ, ಯಾಕಂದ್ರೆ ತನ್ನಿಂದ ಎಲ್ರ ಬೋನಸ್ ಹೋಗತ್ತೆ ಅನ್ನೋ ಸಂಕೋಚ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿ ಬಗ್ಗೆ ಹೇಳಿದ್ದನ್ನ ಈಗ ಎಲ್ಲಾ ಕಡೆ ಬಳಸ್ತಾರೆ, ಅಳತೆಗೋಲನ್ನೇ ಗುರಿ ಮಾಡಿದ್ರೆ ಅದು ಅಳೆಯೋಕೆ ಬಾರದೇ ಹೋಗತ್ತೆ ಅಂತ.

ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಕಥೆ ಇದಕ್ಕೆ ಪಕ್ಕಾ ಉದಾಹರಣೆ. ಒಬ್ಬ ಗ್ರಾಹಕನಿಗೆ 8 ಪ್ರಾಡಕ್ಟ್ ಮಾರ್ಬೇಕು ಅನ್ನೋದು ಅವ್ರ ಘೋಷಣೆ. ಬ್ರಾಂಚ್ ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೇ ಅಕೌಂಟ್, ಕಾರ್ಡ್ ತೆರೆಯೋಕೆ ಶುರು ಮಾಡಿದ್ರು, ಲಕ್ಷಗಟ್ಟಲೆ. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಅಷ್ಟೊತ್ತಿಗೆ ಸುಮಾರು 5,300 ಜನರನ್ನ ಕೆಲಸದಿಂದ ತೆಗೆದಿದ್ರು, 2020ರಲ್ಲಿ ಇನ್ನೊಂದು 300 ಕೋಟಿ ಡಾಲರ್ ಕಟ್ಟಿದ್ರು. ನಂಗೆ ಆ 5,300 ಅನ್ನೋ ನಂಬರ್ ಮೇಲೇ ಕಣ್ಣು. ಐದಾರು ಜನ ಕೆಟ್ಟವ್ರು ಒಂದು ಸಂಸ್ಥೆಗೆ ಸೇರ್ಕೊಳ್ಬಹುದು, 5,300 ಕೆಟ್ಟವ್ರನ್ನ ಅಕಸ್ಮಾತ್ತಾಗಿ ನೇಮಕ ಮಾಡ್ಕೊಳ್ಳೋಕೆ ಆಗತ್ತಾ?

ಮೋಸದ ದಾರಿ ಸುಲಭವಾಗಿ ಕಾಣ್ಸಿದ್ರೆ ಟಾರ್ಗೆಟ್ ಜೊತೆ ಒಂದು ಎದುರು ನಂಬರ್ ಕಟ್ಟಿ. ಹೊಸ ಅಕೌಂಟ್ ಎಣಿಸ್ತೀರಾ, 90 ದಿನ ಆದ್ಮೇಲೂ ಬಳಕೆಯಲ್ಲಿರೋದು ಎಷ್ಟು ಅಂತಾನೂ ಎಣಿಸಿ. ಕಾಲ್ ಎಷ್ಟು ಬೇಗ ಮುಗೀತು ಅನ್ನೋದ್ರ ಜೊತೆ ಅದೇ ಗ್ರಾಹಕ ವಾರದೊಳಗೆ ಮತ್ತೆ ಎಷ್ಟು ಸಲ ಮಾಡಿದ ಅಂತ ನೋಡಿ. ಇನ್ಸೆಂಟಿವ್ ಎರಡೂ ಸೇರಿಸಿ ಕೊಡಿ. ಮತ್ತೆ ಯಾರಾದ್ರೂ ಟಾರ್ಗೆಟ್‌ನ ಎರಡರಷ್ಟು ಮಾಡಿದ್ರೆ ಚಪ್ಪಾಳೆ ಹೊಡೆಯೋಕೆ ಮುಂಚೆ ಹೇಗೆ ಮಾಡಿದ್ರು ಅಂತ ಕೇಳಿ, ಕೇಳೋದು ಅವಮಾನ ಏನಲ್ಲ.

ಹೆಜ್ಜೆ 4: ಒಬ್ಬರ ತಲೆ ಮೇಲೆ ಎರಡು ಟೋಪಿ ಇದೆಯಾ ನೋಡಿ

ಇದು ಎಲ್ರಿಗೂ ಗೊತ್ತಿರೋ ವಿಷ್ಯ, ಅದಕ್ಕೆ ಬೇಗ ಮುಗಿಸ್ತೀನಿ. 1762ರಲ್ಲಿ ಶುರುವಾದ ಬ್ರಿಟನ್ನಿನ ಬೇರಿಂಗ್ಸ್ ಬ್ಯಾಂಕು 1995ರಲ್ಲಿ ಮುಳುಗಿದ್ದು ಸಿಂಗಾಪುರದಲ್ಲಿದ್ದ ನಿಕ್ ಲೀಸನ್ ಅನ್ನೋ ಒಬ್ಬ ಟ್ರೇಡರ್‌ನಿಂದ, ಟ್ರೇಡಿಂಗೂ ಅವನೇ, ಅದರ ಲೆಕ್ಕ ತಾಳೆ ನೋಡೋ ಬ್ಯಾಕ್ ಆಫೀಸೂ ಅವನ ಕೈಯಲ್ಲೇ. 88888 ಅನ್ನೋ ಎರರ್ ಅಕೌಂಟಲ್ಲಿ (ಟ್ರೇಡಿಂಗ್‌ನಲ್ಲಾದ ತಪ್ಪುಗಳನ್ನ ಹಾಕಿಡೋ ಖಾತೆ) ನಷ್ಟ ಬಚ್ಚಿಡ್ತಾ ಹೋಗಿ ಕೊನೆಗೆ 82.7 ಕೋಟಿ ಪೌಂಡ್ ಆಯ್ತು, ಬ್ಯಾಂಕನ್ನ ನೆದರ್‌ಲ್ಯಾಂಡ್ಸ್‌ನ ಐಎನ್‌ಜಿ ಒಂದು ಪೌಂಡಿಗೆ ತಗೊಳ್ತು.

ಕೆಲಸ ಮಾಡೋರು, ಒಪ್ಪಿಗೆ ಕೊಡೋರು, ಲೆಕ್ಕ ತಾಳೆ ನೋಡೋರು ಬೇರೆ ಬೇರೆ ಇರ್ಬೇಕು. "ನಮ್ದು ನಾಲ್ಕೇ ಜನರ ಟೀಮು, ಎಲ್ಲಿಂದ ತರೋದು" ಅಂತೀರಾ, ಸರಿ, ಹಾಗಿದ್ರೆ ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ಪೇಮೆಂಟ್ ಮುಟ್ಟದೇ ಇರೋರು ತಿಂಗಳಿಗೊಂದ್ಸಲ ನೇರವಾಗಿ ಬ್ಯಾಂಕಿಂದ ತೆಗೆದು ನೋಡ್ಲಿ. ಆಮೇಲೆ ವರ್ಷಕ್ಕೊಮ್ಮೆ ಸತತ ಎರಡು ವಾರ ಕಡ್ಡಾಯ ರಜೆ, ಲಾಗಿನ್ ಬಂದ್, ಆ ಸೀಟಲ್ಲಿ ಬೇರೆಯವ್ರು. ಬ್ಯಾಂಕುಗಳಲ್ಲಿ ಇದು ಹಳೇ ಪದ್ಧತಿ, ಯಾಕಂದ್ರೆ ಮುಚ್ಚಿಟ್ಟಿರೋದನ್ನ ಕಾಯೋಕೆ ದಿನಾ ಬರ್ಲೇಬೇಕು. ಐದು ವರ್ಷದಿಂದ ಒಂದು ರಜೆನೂ ಹಾಕದ ನಿಷ್ಠಾವಂತನಿಗೆ ಸನ್ಮಾನ ಮಾಡೋ ಮುಂಚೆ ಒಮ್ಮೆ ರಜೆ ಕೊಟ್ಟು ಕಳಿಸಿ.

ಹೆಜ್ಜೆ 5: ಮೀಟಿಂಗಲ್ಲಿ "ಬೇಡ" ಅನ್ನೋಕೆ ಜಾಗ ಮಾಡಿ

ಒಳ್ಳೆಯವರು ಸುಮ್ನಿರೋದು ಇನ್ನೊಂದು ದೊಡ್ಡ ರಿಸ್ಕು. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಪ್ರಯೋಗ ಕೇಳಿರ್ತೀರಾ, ಬೂದು ಕೋಟ್ ಹಾಕ್ಕೊಂಡು ಪ್ರಯೋಗ ನಡೆಸ್ತಿದ್ದ ಒಬ್ಬ ವ್ಯಕ್ತಿ "ಮುಂದುವರೆಸಿ" ಅಂದಿದ್ದಕ್ಕೇ 40 ಜನರಲ್ಲಿ 26 ಜನ ಪಕ್ಕದ ರೂಮಿನವನಿಗೆ 450 ವೋಲ್ಟ್‌ವರೆಗೂ ಶಾಕ್ ಕೊಡ್ತಿದೀವಿ ಅಂತ ನಂಬ್ಕೊಂಡೇ ಗುಂಡಿ ಒತ್ತಿದ್ರು (ನಿಜವಾದ ಶಾಕ್ ಇರ್ಲಿಲ್ಲ, ಎದುರಿದ್ದವನು ನಟ). ಅವ್ರಲ್ಲಿ ತುಂಬಾ ಜನ ಬೆವರ್ತಿದ್ರು, ನಡುಗ್ತಿದ್ರು, ಆದ್ರೂ ಒತ್ತಿದ್ರು.

1977ರ ಮಾರ್ಚ್ 27, ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ, ಮಂಜು, ಒಂದೇ ರನ್‌ವೇಯಲ್ಲಿ ಎರಡು ವಿಮಾನ. ಕೆಎಲ್ಎಂ ವಿಮಾನ ರನ್‌ವೇಯಲ್ಲಿ ಓಡ್ತಿರುವಾಗ ಫ್ಲೈಟ್ ಇಂಜಿನಿಯರ್‌ಗೆ ಅನುಮಾನ ಬಂತು, ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ವಾ ಅಂತ ಕೇಳಿದ. ಕ್ಯಾಪ್ಟನ್ ಸಂಸ್ಥೆಯಲ್ಲಿ ತುಂಬಾ ಹಿರಿಯ, ಜೋರಾಗಿ ಬಿಟ್ಟಿದೆ ಅಂದ. ಇಂಜಿನಿಯರ್ ಮತ್ತೆ ಕೇಳ್ಲಿಲ್ಲ. ಎರಡೂ ವಿಮಾನ ಡಿಕ್ಕಿ ಹೊಡೆದ್ವು. ಸತ್ತವರು 583. ವಿಮಾನಯಾನದವರು ಇಂಥ ಅಪಘಾತಗಳಿಂದ ಪಾಠ ಕಲಿತು, 1979ರಲ್ಲಿ ನಾಸಾ ನಡೆಸಿದ ವರ್ಕ್‌ಶಾಪ್‌ನಿಂದ ಶುರು ಮಾಡಿ, ಕಾಕ್‌ಪಿಟ್‌ನಲ್ಲಿ ಕಿರಿಯರು ಹೇಗೆ ಹೇಳ್ಬೇಕು, ಹಿರಿಯರು ಹೇಗೆ ಕೇಳಿಸ್ಕೊಬೇಕು ಅನ್ನೋದನ್ನೇ ಟ್ರೇನಿಂಗ್ ಮಾಡಿದ್ರು. ಉಳಿದ ಆಫೀಸುಗಳಲ್ಲಿ "ಮೈ ಡೋರ್ ಈಸ್ ಆಲ್ವೇಸ್ ಓಪನ್" ಅಂತ ಹೇಳಿ ಮುಗಿಸ್ತಾರೆ. ಬಾಗಿಲು ತೆಗೆದಿದ್ರೆ ಏನ್ ಬಂತು, ಒಳಗೆ ಬಂದವನ ಅಪ್ರೈಸಲ್ ಏನಾಯ್ತು ಅಂತ ಎಲ್ರೂ ನೋಡಿರ್ತಾರೆ.

ಮಾಡ್ಬೇಕಾಗಿರೋದು ಸಿಂಪಲ್. ಮುಖ್ಯವಾದ ನಿರ್ಧಾರದ ಮೀಟಿಂಗಲ್ಲಿ ಎಲ್ರಿಗಿಂತ ಜೂನಿಯರ್ ಮೊದ್ಲು ಮಾತಾಡ್ಲಿ, ಬಾಸ್ ಕೊನೇಲಿ. ಬಾಸ್ ಮೊದ್ಲೇ "ನಂಗೇನೋ ಇದು ಸರಿ ಅನ್ಸತ್ತೆ" ಅಂದ್ಬಿಟ್ರೆ ಮೀಟಿಂಗ್ ಅಲ್ಲೇ ಮುಗೀತು. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳೋ ಪ್ರೀಮಾರ್ಟಮ್ (ಸೋಲೋಕೆ ಮುಂಚೇನೇ ಸೋಲಿನ ಕಾರಣ ಹುಡುಕೋದು) ಕೂಡ ಚೆನ್ನಾಗಿ ಕೆಲಸ ಮಾಡತ್ತೆ: "ಒಂದು ವರ್ಷ ಆಗಿದೆ, ಈ ಪ್ರಾಜೆಕ್ಟ್ ನೆಲಕಚ್ಚಿದೆ, ಯಾಕೆ ಅಂತ ಚೀಟಿಯಲ್ಲಿ ಬರೀರಿ" ಅನ್ನಿ, ಐದು ನಿಮಿಷ ಕೊಡಿ. ತಪ್ಪು ಹುಡುಕೋದೇ ಆಟ ಆದಾಗ ಸುಮ್ನೆ ಕೂರೋನೂ ಬರೀತಾನೆ.

ಹೆಜ್ಜೆ 6: ದೂರು ಬಂದಾಗ ದೂರು ಕೊಟ್ಟವರನ್ನ ಹುಡುಕ್ಬೇಡಿ

ಫ್ರಾಡ್ ಪರೀಕ್ಷಕರ ಅಂತರರಾಷ್ಟ್ರೀಯ ಸಂಘ ಎಸಿಎಫ್ಇ ವರದಿ ಪ್ರಕಾರ (2024) ಪತ್ತೆಯಾದ ಪ್ರಕರಣಗಳಲ್ಲಿ 43% ಸಿಕ್ಕಿದ್ದು ಯಾರೋ ಕೊಟ್ಟ ಸುಳಿವಿನಿಂದ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಸುಳಿವು ಒಳಗಿನ ಸಿಬ್ಬಂದಿಯದ್ದೇ. ಅಂದ್ರೆ ಆಡಿಟರ್ ಆದ ನನಗಿಂತ ಪಕ್ಕದ ಸೀಟಿನವರೇ ವಾಸಿ. ಆದ್ರೂ ಅನಾಮಧೇಯ ಮೇಲ್ ಬಂದ ತಕ್ಷಣ ಮ್ಯಾನೇಜರ್ ಬಾಯಿಂದ ಬರೋ ಮೊದಲನೇ ಪ್ರಶ್ನೆ "ಯಾರು ಬರೆದಿದ್ದು?" ಅದೇ ವೆಲ್ಸ್ ಫಾರ್ಗೋದಲ್ಲಿ, ಅನುಮಾನಾಸ್ಪದ ವ್ಯವಹಾರ ವರದಿ ಮಾಡಿ ಕೆಲಸ ಕಳ್ಕೊಂಡ ಒಬ್ಬ ಮ್ಯಾನೇಜರ್‌ನ ವಾಪಸ್ ತಗೊಂಡು 54 ಲಕ್ಷ ಡಾಲರ್ ಕೊಡಿ ಅಂತ 2017ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಆದೇಶ ಮಾಡ್ತು.

ದೂರು ಹೋಗೋ ದಾರಿ ಲೈನ್ ಮ್ಯಾನೇಜರ್‌ನ ದಾಟಿ ಹೋಗ್ಬೇಕು, ಬಾಸ್ ಮೇಲಿನ ದೂರು ಬಾಸ್‌ಗೇ ತಲುಪಿದ್ರೆ ಏನು ಕಥೆ. ಎರಡು ದಿನದೊಳಗೆ "ತಲುಪಿದೆ, ನೋಡ್ತಿದೀವಿ" ಅಂತ ಉತ್ತರ ಹೋಗ್ಲಿ. ಆರೋಪ ಹೊತ್ತವರ ಮಾತೂ ಕೇಳಿ, ಸುಳ್ಳು ದೂರೂ ಇರತ್ತೆ, ತನಿಖೆ ಮುಗಿಯೋವರೆಗೂ ಅವ್ರೂ ತಪ್ಪಿತಸ್ಥರಲ್ಲ. ಲಾಗು, ಮೇಲ್, ಫೈಲ್ ಎಲ್ಲಾ ಮೊದ್ಲೇ ಕಾಪಿ ಮಾಡಿಟ್ಕೊಂಡು ಆಮೇಲೆ ಮಾತಾಡ್ಸಿ. ಮತ್ತೆ ದೂರು ಕೊಟ್ಟವ್ರು ಯಾರಂತ ಗೊತ್ತಿದ್ರೆ ಮುಂದಿನ ಎರಡು ಅಪ್ರೈಸಲ್‌ನಲ್ಲಿ ಅವ್ರಿಗೆ ಏನು ರೇಟಿಂಗ್ ಬಂತು ಅಂತ ಬೇರೆಯವ್ರು ನೋಡ್ಲಿ, ಸೇಡು ಯಾರೂ ಮಾರನೇ ದಿನಾನೇ ತೀರಿಸ್ಕೊಳ್ಳಲ್ಲ.

ಹೆಜ್ಜೆ 7: ತಪ್ಪು ಮಾಡಿದವರನ್ನ ಮೂರು ಥರ ವಿಂಗಡಿಸಿ

ಕೈತಪ್ಪಿ ಆದದ್ದು ಒಂದು, ಗೊತ್ತಿದ್ದೂ ಶಾರ್ಟ್‌ಕಟ್ ಹಿಡಿದದ್ದು ಇನ್ನೊಂದು, ಬೇಕಂತಲೇ ಮೋಸ ಮಾಡಿದ್ದು ಮತ್ತೊಂದು. ಮೊದಲನೇದಕ್ಕೆ ಸಮಾಧಾನ ಹೇಳಿ ಸಿಸ್ಟಮ್ ಸರಿ ಮಾಡಿ, ಮೂರನೇದಕ್ಕೆ ಶಿಕ್ಷೆ. ಎರಡನೇದೇ ಕಷ್ಟ. ಅದಕ್ಕೆ ಒಂದು ಪರೀಕ್ಷೆ ಇದೆ, ಅಷ್ಟೇ ಅನುಭವ ಇರೋ ಬೇರೆ ಮೂರು ಜನರನ್ನ ಅದೇ ಸೀಟಲ್ಲಿ ಕೂರಿಸಿದ್ರೆ ಅವ್ರೂ ಹಿಂಗೇ ಮಾಡ್ತಿದ್ರಾ? ಹೌದು ಅಂದ್ರೆ ಇವನೊಬ್ಬನನ್ನ ತೆಗೆದು ಏನೂ ಉಪಯೋಗ ಇಲ್ಲ, ಸೀಟಿನಲ್ಲೇ ದೋಷ ಇದೆ. ಇನ್ನು ಟಾಪ್ ಸೇಲ್ಸ್‌ಮ್ಯಾನ್‌ಗೆ ಒಂದು ರೂಲು, ಉಳಿದವರಿಗೆ ಒಂದು ರೂಲು ಮಾಡಿದ್ರೋ, ಈ ಇಡೀ ಗೈಡ್ ಹರಿದು ಬಿಸಾಕ್ಬಹುದು. ಅವನು ಹೆಣ್ಮಕ್ಕಳ ಜೊತೆ ಹೇಗೆ ಮಾತಾಡ್ತಾನೆ ಅಂತ ಗೊತ್ತಿದ್ದೂ "ನಂಬರ್ ತರ್ತಾನಲ್ಲ" ಅಂತ ಸುಮ್ನಿರೋ ಆಫೀಸಲ್ಲಿ ನೀತಿ ಪಾಲಿಸಿ ಅಂತ ಯಾವ ಸ್ಲೈಡ್ ತೋರಿಸಿದ್ರೂ ಜನ ಒಳಗೊಳಗೇ ನಗ್ತಾರೆ.

ಒಂದು ಎಚ್ಚರಿಕೆ. ಇದನ್ನೆಲ್ಲಾ ಸರಿಯಾಗಿ ಮಾಡಿದ್ರೆ ಮೊದಲ ಕೆಲವು ತಿಂಗಳು ವರದಿಯಾಗೋ ತಪ್ಪುಗಳ ಸಂಖ್ಯೆ ಏರತ್ತೆ, ಗಾಬರಿ ಬೀಳ್ಬೇಡಿ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 90ರ ದಶಕದಲ್ಲಿ ಆಸ್ಪತ್ರೆ ತಂಡಗಳನ್ನ ಅಧ್ಯಯನ ಮಾಡಿದಾಗ ಚೆನ್ನಾಗಿ ಕೆಲಸ ಮಾಡೋ ತಂಡಗಳಲ್ಲೇ ಔಷಧಿ ತಪ್ಪುಗಳು ಜಾಸ್ತಿ ದಾಖಲಾಗಿದ್ವು, ತಪ್ಪು ಜಾಸ್ತಿ ಇತ್ತು ಅಂತಲ್ಲ, ಅಲ್ಲಿ ಹೇಳ್ಕೊಳ್ಳೋಕೆ ಹೆದರ್ತಿರ್ಲಿಲ್ಲ. ಸೊನ್ನೆ ತಪ್ಪು ತೋರಿಸೋ ವಿಭಾಗಕ್ಕೇ ಮೊದ್ಲು ಹೋಗಿ ಕೂತ್ಕೊಳ್ಳಿ.

ಹೆಜ್ಜೆ 8: ಆರು ತಿಂಗಳು ಬಿಟ್ಟು ವಾಪಸ್ ಹೋಗಿ

ಈಗ ಆ ಓಟಿಪಿ ಕಥೆ. ಅದೇ ಕಂಪನಿಗೆ ಆರು ತಿಂಗಳ ಮೇಲೆ ಹೋಗಿ ಮೊದ್ಲು ಕೀಬೋರ್ಡ್ ಎತ್ತಿ ನೋಡ್ದೆ. ಚೀಟಿ ಇರ್ಲಿಲ್ಲ, ಖುಷಿ ಆಯ್ತು. ಅಷ್ಟ್ರಲ್ಲಿ ಅವಳ ಡ್ರಾಯರ್ ಒಳಗಿಂದ ಟಿಂಗ್ ಅಂತ ಸದ್ದು. ತೆಗೆದ್ರೆ ಒಂದು ಹಳೇ ಮೊಬೈಲು, ಸರ್‌ದೇ, ಓಟಿಪಿ ಅದಕ್ಕೇ ಬರ್ತಿತ್ತು. "ಚಾರ್ಜರ್ ಸಮೇತ ಕೊಟ್ಟಿದಾರೆ ಸರ್" ಅಂದ್ಲು.

ನಾನು ಬಾಗಿಲಿಗೆ ಬೀಗ ಹಾಕಿದ್ದೆ ಅಷ್ಟೇ, ಬಾಗಿಲು ಯಾಕೆ ತೆಗೀಬೇಕಾಯ್ತು ಅಂತ ಕೇಳಿರ್ಲಿಲ್ಲ. ಈ ಸಲ ಆ ಮ್ಯಾನೇಜರ್ ಪಕ್ಕ ಒಂದು ಪೂರ್ತಿ ದಿನ ಕೂತೆ. ದಿನಕ್ಕೆ 40ರ ಮೇಲೆ ಅಪ್ರೂವಲ್, ಅದ್ರಲ್ಲಿ ಮುಕ್ಕಾಲು ಪಾಲು ಕೊರಿಯರ್ ಬಿಲ್ಲು, ಸ್ಟೇಷನರಿ, ಟ್ಯಾಕ್ಸಿ. ಎಲ್ಲವನ್ನೂ ನಿಜವಾಗ್ಲೂ ಓದಿ ಒಪ್ಪಿಗೆ ಕೊಟ್ರೆ ಮಧ್ಯಾಹ್ನದವರೆಗೂ ಅದೇ ಕೆಲಸ. ಸಣ್ಣ ಮೊತ್ತದ್ದೆಲ್ಲಾ ಟೀಮ್ ಲೀಡ್‌ಗಳ ಸ್ವಂತ ಐಡಿಗೆ ಇಳಿಸಿದ್ವಿ, ವಾರಕ್ಕೊಮ್ಮೆ ಅದ್ರಲ್ಲಿ ಯಾವುದಾದ್ರೂ 10 ಬಿಲ್ ಎತ್ತಿ ನೋಡೋ ಹಾಗೆ ಮಾಡಿದ್ವಿ, ಸರ್ ಹತ್ರ ದಿನಕ್ಕೆ ನಾಲ್ಕೈದು ದೊಡ್ಡ ಪೇಮೆಂಟ್ ಮಾತ್ರ ಉಳೀತು. ಅವ್ರು ರಜೆ ಹಾಕಿದ್ರೆ ಯಾರು ಅಂತ ಇನ್ನೊಬ್ಬರ ಹೆಸರು ಸಿಸ್ಟಮ್‌ನಲ್ಲೇ ಹಾಕ್ಸಿದ್ವಿ. ಮೊಬೈಲ್ ಅವತ್ತೇ ಸಂಜೆ ಅವ್ರು ಬಂದು ತಗೊಂಡೋದ್ರು, ಚಾರ್ಜರ್ ಮಾತ್ರ ಅಲ್ಲೇ ಬಿಟ್ಟು ಹೋಗಿದ್ರು.